ಕೊನೆಯ ಮೂರು ಅಂಕಿ

ಸಂಜೆಯ ಫೋನು ಬರುವಷ್ಟರಲ್ಲಿ ಮೀಟರಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತಿರಬೇಕು. ಅದು ಅವಳೇ ಹಾಕಿಕೊಂಡ ಕಟ್ಟಳೆ. ಬೇಯುತ್ತಿದ್ದದ್ದು ಅರ್ಧಕ್ಕೆ ನಿಂತರೂ ಸರಿ, ಹೊಟ್ಟೆ ಚುರುಗುಟ್ಟಿದರೂ ಸರಿ, ಫೋನು ಮೊದಲು. ದಿನವಿಡೀ ಬಾಯಿಗೆ ಬೀಗ ಹಾಕಿಕೊಂಡು ಕೂತವಳಿಗೆ ಇನ್ನೊಬ್ಬರ ದನಿ ಕೇಳಿಸುವುದು ಆಗ ಮಾತ್ರ. ಅದನ್ನೂ ಕುಕ್ಕರಿನ ಸದ್ದಿನಲ್ಲಿ ಕಳೆದುಕೊಳ್ಳಲು ಅವಳಿಗೇನು ತಲೆ ಕೆಟ್ಟಿದೆಯೇ?

ಅಷ್ಟೊಂದು ಕಾದು ಕೂತು ಆಡುವ ಮಾತಾದರೂ ಎಂಥದ್ದು ಅಂತೀರಿ! ಕೇಳಿದರೆ ನೀವು ನಗುತ್ತೀರಿ.

“ಹೇಳೀಮ್ಮಾ.”

“ಎಂಟು, ನಾಲ್ಕು, ಎರಡು. ನಿಮ್ಮದು ಮೇಷ್ಟ್ರೇ?”

“ನನ್ನದು ಎಂಟು, ನಾಲ್ಕು, ಮೂರು.”

“ಸರಿ ಹಾಗಾದ್ರೆ.”

“ಸರೀಮ್ಮಾ. ಇಡ್ಲಾ?”

“ಇಡಿ.”

ಮುಗಿಯಿತು. ಇನ್ನು ಮಾರನೆಯ ಸಂಜೆಯವರೆಗೆ ಆ ಕಡೆಯೂ ಮೌನ, ಈ ಕಡೆಯೂ ಮೌನ. ಇದನ್ನು ಮಾತುಕತೆ ಅಂತ ಕರೆದರೆ ನಾಲಿಗೆಗೇ ನಾಚಿಕೆಯಾದೀತು. ಆದರೂ ಎಷ್ಟೋ ವರ್ಷದಿಂದ ಒಂದು ಸಂಜೆಯೂ ತಪ್ಪದೆ ನಡೆದುಬಂದದ್ದು ಇದೇ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ನೋಡಬೇಕು ಅಂತ ಅಂದುಕೊಂಡವರೂ ಅಲ್ಲ.

ಮೀಟರಮ್ಮ ಅನ್ನುವುದು ಅವಳ ಹೆಸರೇನಲ್ಲ, ಕೆಳಗಿನ ಹೊಲಿಗೆ ಅಂಗಡಿಯ ದರ್ಜಿ ಇಟ್ಟದ್ದು. ಆ ಅಂಗಡಿಯ ಮೇಲೆಯೇ ಅವಳ ಎರಡು ಕೋಣೆ. ಗುಜರಿಯವನು ಕಬ್ಬಿಣದ ಪೆಟ್ಟಿಗೆಗಳನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವುದನ್ನು ನೋಡಿ ನೋಡಿ ದರ್ಜಿ ಒಂದು ದಿನ, “ಅಮ್ಮಾ, ಮೇಲ್ಗಡೆ ಬಾಂಬು ಗೀಂಬು ಮಾಡ್ತಿಲ್ಲ ತಾನೆ?” ಅಂತ ಕೇಳಿದ್ದ. “ಮಾಡ್ತಿದ್ದೀನಿ, ಮೊದಲನೇದು ನಿನ್ನ ಮಿಷಿನ್ನಿಗೇ ಇಡೋದು,” ಅಂದಿದ್ದಳು ಇವಳು. ಆಮೇಲೆ ಒಂದು ವೋಲ್ಟ್ ಮೀಟರು ತೋರಿಸಿ, ಇಂಥವನ್ನು ರಿಪೇರಿ ಮಾಡುತ್ತೇನೆ ಎಂದು ತಿಳಿಸಿ ಹೇಳಿದಳು. ಅವತ್ತಿನಿಂದ ಮೀಟರಮ್ಮ.

ಕಾರ್ಖಾನೆಗಳು, ಕಾಲೇಜುಗಳು ಬೇಡವೆಂದು ಬಿಸಾಕಿದ ಅಳತೆಯ ಯಂತ್ರಗಳು ಗುಜರಿಗೆ ಬರುತ್ತವೆ. ವೋಲ್ಟ್ ಮೀಟರು, ಕರೆಂಟಿನ ಅಲೆಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪು, ಇನ್ನೂ ಏನೇನೋ. ಅವುಗಳಲ್ಲಿ ಜೀವ ಇರುವಂಥವನ್ನು ಆರಿಸಿ ತಂದು, ಮುಚ್ಚಳ ಬಿಚ್ಚಿ, ಬ್ರಷ್ಷಿನಿಂದ ಧೂಳು ಕೊಡವಿ, ಮೊದಲು ಮೂಸುತ್ತಾಳೆ. ಹೌದು, ಮೂಸುವುದೇ. ಸುಟ್ಟ ರೆಸಿಸ್ಟರಿನ ವಾಸನೆ ಒಂದು ತರಹ, ಉಬ್ಬಿ ಸೋರಿದ ಕೆಪಾಸಿಟರಿನ ವಾಸನೆ ಹಳಸಿದ ಮೀನಿನ ತರಹ. ಒಂದು ಸ್ಕೋಪಿನೊಳಗೆ ಇರುವೆಗಳು ಇಡೀ ಸಂಸಾರ ಹೂಡಿದ್ದವು. ಕೆಲವು ಯಂತ್ರಗಳ ಗುಂಡಿ ಒಂದೇ ಮಗ್ಗುಲಲ್ಲಿ ಸವೆದಿರುತ್ತದೆ. ಯಾರೋ ಒಬ್ಬರು ಕೂತು ಅದೇ ಗುಂಡಿಯನ್ನು ಅದೇ ಬೆರಳಿನಿಂದ ವರ್ಷಗಟ್ಟಲೆ ತಿರುಗಿಸಿದ್ದಾರೆ. ಅಂಥದ್ದು ಸಿಕ್ಕಿದಾಗ ಮೀಟರಮ್ಮ ಆ ಸವೆದ ಜಾಗದ ಮೇಲೆ ತನ್ನ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಹುಚ್ಚು ಅಂದರೆ ಹುಚ್ಚು, ಯಾರು ನೋಡಬೇಕು?

ಈ ವಿದ್ಯೆ ಅವಳಿಗೆ ಬಂದದ್ದು ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ. ಕಾರ್ಖಾನೆಗೆ ಬಾಗಿಲು ಬಿತ್ತು. ಅದಕ್ಕೆ ಸ್ವಲ್ಪ ಮೊದಲು ಗಂಡನೆಂಬುವನು ಇನ್ನೊಬ್ಬಳ ಜೊತೆ ಸಂಸಾರ ಮಾಡಲು ಹೊರಟುಹೋಗಿದ್ದ. ಎರಡರಲ್ಲಿ ಅವಳು ಅತ್ತದ್ದು ಕಾರ್ಖಾನೆಗೆ. ಮಕ್ಕಳಿಲ್ಲ. ಬೇರೆ ಊರಿನಲ್ಲಿ ಒಬ್ಬಳು ಅಕ್ಕ ಇದ್ದಾಳೆ, ಬೈಯಲು ಬೇಕಾದಾಗ ಫೋನು ಮಾಡುತ್ತಾಳೆ.

ಬೈಯಲು ಅಕ್ಕನಿಗೆ ಕಾರಣವೂ ಇತ್ತು ಅನ್ನಿ. ಆ ಕಾರಣ ಮೇಜಿನ ಮೇಲೆ ಕೂತಿತ್ತು, ಒಂದು ಟಿಫಿನ್ ಡಬ್ಬಿಯಷ್ಟು ದೊಡ್ಡದು.

ಮೀಟರು ರಿಪೇರಿ ಮಾಡುವುದು ಒಂದು ಕೆಲಸ, ಅದು ನಿಜ ಹೇಳುತ್ತಿದೆಯೇ ಎಂದು ನೋಡುವುದು ಇನ್ನೊಂದು. ದರ್ಜಿಯ ಟೇಪೇ ಹಿಗ್ಗಿಹೋಗಿದ್ದರೆ ಅವನು ಹೊಲಿದ ಅಂಗಿಯ ಗತಿ ಏನು? ಹಾಗೆ ಹಿಗ್ಗದ, ಕುಗ್ಗದ ಒಂದು ಅಳತೆ ಬೇಕು. ಆ ಡಬ್ಬ ಅದೇ. ಅದರಿಂದ ಹತ್ತು ವೋಲ್ಟು ಬರುತ್ತದೆ, ಹಗಲೂ ರಾತ್ರಿ, ಹೆಚ್ಚಿಲ್ಲ ಕಡಿಮೆಯಿಲ್ಲ. ಪೂರಾ ಹತ್ತಲ್ಲ, ಹತ್ತರ ಮೇಲೆ ಕೂದಲೆಳೆಯಷ್ಟು. ಆ ಕೂದಲೆಳೆಯನ್ನು ಅವಳ ದೊಡ್ಡ ಮೀಟರು ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಮುಖ್ಯ ಏನಿದ್ದರೂ ಕೊನೆಯ ಮೂರು ಅಂಕಿ. ಎಂಟು, ನಾಲ್ಕು, ಎರಡು.

ಡಬ್ಬ ಮಾಡಿದವರು ಮೇಷ್ಟ್ರು. ಯಾವುದೋ ತರಬೇತಿ ಶಾಲೆಯಲ್ಲಿ ರೇಡಿಯೋ ಪಾಠ ಹೇಳುತ್ತಿದ್ದವರು. ಇಂಥದ್ದು ಬೇಕಿದ್ದರೆ ಅವರನ್ನು ಕೇಳು ಎಂದು ಗುಜರಿಯವನೇ ಫೋನ್ ನಂಬರು ಕೊಟ್ಟಿದ್ದ. ಮೇಷ್ಟ್ರು ಒಂದೇ ತರಹದ ಎರಡು ಡಬ್ಬ ಮಾಡಿ, ಒಂದನ್ನು ಇವಳಿಗೆ ಕಳಿಸಿ, ಒಂದನ್ನು ತಾವು ಇಟ್ಟುಕೊಂಡರು. “ನೋಡೀಮ್ಮಾ, ಒಂದೇ ಡಬ್ಬ ಇದ್ರೆ ಅದು ಕೆಟ್ಟಿದ್ದು ನಿಮಗೆ ಗೊತ್ತಾಗೋದೇ ಇಲ್ಲ. ಅದು ಅಲ್ಲಾಡಿದ್ರೆ ಅದರ ಜೊತೆ ನೀವು ಸರಿಮಾಡಿದ ಮೀಟರೆಲ್ಲಾ ಅಲ್ಲಾಡುತ್ತೆ. ಎಲ್ಲಾ ಸೇರಿ ಒಂದೇ ಸುಳ್ಳು ಹೇಳುತ್ವೆ. ದಿನಾ ಫೋನು ಮಾಡ್ತೀನಿ, ಇಬ್ಬರೂ ಹೇಳಿಕೊಳ್ಳೋಣ,” ಅಂದಿದ್ದರು.

ಇನ್ನೊಂದು ಮಾತನ್ನೂ ಹೇಳಿದ್ದರು. ಡಬ್ಬವನ್ನು ಯಾವತ್ತೂ ಆರಿಸಬಾರದು. ಒಮ್ಮೆ ತಣ್ಣಗಾದರೆ ಮತ್ತೆ ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಕರೆಂಟು ಹೋದರೆ ಬ್ಯಾಟರಿ ಇದೆ, ಆದರೆ ಅದು ಅರ್ಧ ದಿನಕ್ಕಿಂತ ಹೆಚ್ಚು ಬಾರದು. ಹೀಗಾಗಿ ಮೀಟರಮ್ಮ ರಾತ್ರಿ ಹೊರಗೆ ತಂಗುವುದನ್ನೇ ಬಿಟ್ಟಳು. ಅಕ್ಕನ ಮಗಳ ಮದುವೆಗೂ ಹೋಗಲಿಲ್ಲ.

“ಡಬ್ಬ ಬಿಟ್ಟು ಬರೋಕಾಗಲ್ಲ ಅಂತೀಯಲ್ಲೇ, ಅದೇನು ಹಾಲು ಕುಡಿಯೋ ಕೂಸಾ?” ಅಂತ ಅಕ್ಕ ಕಿರುಚಿದ್ದಳು.

“ಕೂಸಾದ್ರೆ ಎತ್ತಿಕೊಂಡು ಬರ್ತಿದ್ದೆ ಅಕ್ಕ.”

“ಸರಿ ಬಿಡು. ಅದನ್ನೇ ಕಟ್ಟಿಕೊಂಡು ಬಾಳು.”

ಅದನ್ನೇ ಕಟ್ಟಿಕೊಂಡು ಬಾಳಿದಳು. ಬೇಜಾರಾಗುತ್ತಿರಲಿಲ್ಲವೇ ಅಂದರೆ, ಆಗುತ್ತಿತ್ತು. ಭಾನುವಾರ ಕೆಳಗಿನ ಹೊಲಿಗೆ ಮಿಷಿನ್ನಿನ ಸದ್ದೂ ಇಲ್ಲದಾಗ ಮನೆ ಅವಳನ್ನು ತಿನ್ನಲು ಬರುತ್ತಿತ್ತು. ಆಗೆಲ್ಲ ಸಂಜೆಯ ಫೋನನ್ನು ನೆನೆಸಿಕೊಳ್ಳುತ್ತಿದ್ದಳು. ಊರಿನ ಆ ತುದಿಯಲ್ಲಿ ಇನ್ನೊಂದು ಡಬ್ಬ ಬೆಚ್ಚಗೆ ಕೂತಿದೆ, ಇನ್ನೊಬ್ಬರು ಅದರ ಮುಂದೆ ಕೂತು ಇದೇ ಅಂಕಿ ಓದುತ್ತಿದ್ದಾರೆ. ಅದೊಂದು ಹೋದರೆ ತನಗಿನ್ನು ಏನೂ ಇಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಚಳಿ ಶುರುವಾದ ಮೊದಲ ವಾರ. ಅವತ್ತು ಸಂಜೆ ಮೀಟರಿನ ಮುಂದೆ ಕೂತು ಕಣ್ಣು ಹಾಯಿಸಿದವಳು ಮತ್ತೆ ಬಗ್ಗಿ ನೋಡಿದಳು. ಎಂಟು ಇರಬೇಕಾದಲ್ಲಿ ಆರು. ಆರು, ನಾಲ್ಕು, ಎರಡು! ಇಷ್ಟು ವರ್ಷ ಕೊನೆಯ ಅಂಕಿ ಒಂದು ಆಚೆ ಒಂದು ಈಚೆ ಆಗಿದ್ದು ಬಿಟ್ಟರೆ ಅಲ್ಲಾಡದ ಡಬ್ಬ ಒಂದೇ ದಿನದಲ್ಲಿ ಧೊಪ್ಪನೆ ಬಿದ್ದುಬಿಡುವುದೇ? ಕಳಿಸಿದ ಮೀಟರುಗಳೆಲ್ಲ ಕಣ್ಮುಂದೆ ಬಂದವು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

“ಮೇಷ್ಟ್ರೇ, ಕೆಟ್ಟೆ ನಾನು. ಆರು ನಾಲ್ಕು ಎರಡು ತೋರಿಸ್ತಿದೆ!”

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ, “ಗಾಬರಿ ಆಗ್ಬೇಡೀಮ್ಮಾ. ನನ್ನದೂ ಇಳಿದಿದೆ. ಆರು, ನಾಲ್ಕು, ಮೂರು. ಚಳಿ ಬಿತ್ತಲ್ಲ, ಅದಕ್ಕೇ ಇರಬೇಕು.”

ಅಬ್ಬಾ! ಮೀಟರಮ್ಮನಿಗೆ ಹೋದ ಜೀವ ಬಂದಂತಾಯಿತು. ಎರಡೂ ಒಟ್ಟಿಗೆ ಇಳಿದಿವೆ ಅಂದಮೇಲೆ ಚಳಿಯದೇ ಕೆಲಸ. ತಾನೊಬ್ಬಳೇ ಬಿದ್ದಿಲ್ಲ. ಆ ಸಂಜೆ ಅವಳು ಹೊಟ್ಟೆ ತುಂಬ ಉಂಡು, ಕಾಲು ಚಾಚಿ ಮಲಗಿದಳು.

ಬೆಳಿಗ್ಗೆ ಎದ್ದು ಯಾವುದೋ ಬ್ಯಾಟರಿಯನ್ನು ಅದೇ ದೊಡ್ಡ ಮೀಟರಿಗೆ ಹಚ್ಚಿದಳು. ಅಂಕಿಗಳ ನಡುವೆ ಒಂದು ವಿಚಿತ್ರ ಆಕಾರ ಕಂಡಿತು. ಮೂರೂ ಅಲ್ಲ, ಐದೂ ಅಲ್ಲ, ಯಾವ ಅಂಕಿಯೂ ಅಲ್ಲ. ಮೀಟರಮ್ಮ ಹುಬ್ಬು ಗಂಟಿಕ್ಕಿ, ಎಲ್ಲ ದೀಪಗಳನ್ನೂ ಒಟ್ಟಿಗೆ ಹೊತ್ತಿಸಿ ನೋಡುವ ಗುಂಡಿ ಒತ್ತಿ ಹಿಡಿದಳು. ಸಾಲಾಗಿ ಎಂಟು ಎಂಟು ಎಂಟು ಹೊತ್ತಿಕೊಂಡವು. ಒಂದು ಕಡೆ ಮಾತ್ರ ಆರು. ಒಂದೊಂದು ಅಂಕಿಯನ್ನೂ ಮೂಡಿಸುವ ಏಳು ಬೆಳಕಿನ ಕಡ್ಡಿಗಳಲ್ಲಿ ಬಲಗಡೆ ಮೇಲಿನದೊಂದು ಸತ್ತುಹೋಗಿತ್ತು. ಆ ಕಡ್ಡಿಯಿಲ್ಲದ ಎಂಟು ಆರಾಗಿ ಕಾಣುತ್ತಿತ್ತು, ಅಷ್ಟೇ. ಡಬ್ಬ ಇಳಿದೇ ಇರಲಿಲ್ಲ.

“ಅಯ್ಯೋ ನನ್ನ ಬುದ್ಧಿಗಿಷ್ಟು!” ಅಂತ ಹಣೆ ಚಚ್ಚಿಕೊಂಡು ಒಬ್ಬಳೇ ನಕ್ಕಳು. ಜೀವಮಾನವಿಡೀ ಊರವರ ಮೀಟರು ರಿಪೇರಿ ಮಾಡಿದವಳು ತನ್ನದೇ ಮೀಟರಿನ ಕಡ್ಡಿ ಹೋದದ್ದು ನೋಡಲಿಲ್ಲವಲ್ಲ! ಸಂಜೆ ಮೇಷ್ಟ್ರಿಗೆ ಹೇಳಿದರೆ ಅವರೂ ನಗುತ್ತಾರೆ ಅಂದುಕೊಂಡಳು.

ಅಂದುಕೊಂಡವಳು ಹಾಗೇ ನಿಂತುಬಿಟ್ಟಳು.

ಕಡ್ಡಿ ಸತ್ತದ್ದು ನನ್ನ ಮೀಟರಿನಲ್ಲಿ. ಹಾಗಾದರೆ ಮೇಷ್ಟ್ರದ್ದು ಹೇಗೆ ಇಳಿಯಿತು?

ಒಂದೇ ದಿನ ಎರಡು ಮೀಟರುಗಳಲ್ಲಿ ಅದೇ ಜಾಗದ ಅದೇ ಕಡ್ಡಿ ಸಾಯುತ್ತದೆಯೇ? ಸಾಯುವುದಿಲ್ಲ. ಮೀಟರಮ್ಮ ಬೇಕೆಂದೇ ಇನ್ನೂ ಏನೇನೋ ಕಾರಣ ಹುಡುಕಿದಳು. ಒಂದೂ ನಿಲ್ಲಲಿಲ್ಲ. ಕೊನೆಗೆ ಸಂಜೆ ಫೋನು ಬಂದಾಗ, ಮೀಟರಿನಲ್ಲಿ ಏನಿದೆ ಎಂದು ನೋಡದೆ, ಬಾಯಿಗೆ ಬಂದದ್ದು ಹೇಳಿದಳು. “ಒಂಬತ್ತು, ಒಂದು, ಏಳು.”

“ಹೌದಾ? ನನ್ನದು ಒಂಬತ್ತು, ಒಂದು, ಎಂಟು. ಇವತ್ತು ಸ್ವಲ್ಪ ಬಿಸಿಲಿತ್ತಲ್ಲಾ.”

ಅವಳ ಮೈಯೆಲ್ಲ ಉರಿದುಹೋಯಿತು. ಒಂದು ಸೇರಿಸಿ ಹೇಳುತ್ತಿದ್ದಾರೆ! ಅವಳು ಹೇಳಿದ ಅಂಕಿಗೆ ಒಂದು ಸೇರಿಸಿ ಅವಳಿಗೇ ವಾಪಸ್ಸು ಕೊಡುತ್ತಿದ್ದಾರೆ. ಮಾರನೆಯ ದಿನ ಇನ್ನಷ್ಟು ಕೆಳಗಿಳಿಸಿದಳು, ಆ ಕಡೆಯದೂ ಇಳಿಯಿತು, ಮೋಡ ಅಂದರು. ಅದರ ಮಾರನೆಯ ದಿನ ಆಕಾಶಕ್ಕೆ ಏರಿಸಿದಳು, ಆ ಕಡೆಯದೂ ಏರಿತು, ಗಾಳಿ ಅಂದರು. ಎರಡು ಡಬ್ಬಗಳೂ ಕಪ್ಪೆಗಳ ಹಾಗೆ ಜೊತೆಜೊತೆಯಲ್ಲಿ ಕುಪ್ಪಳಿಸಿದವು. ಮೊದಮೊದಲು ಅದರಲ್ಲಿ ಒಂದು ಕೆಟ್ಟ ಖುಷಿಯಿತ್ತು. ಆಮೇಲೆ ಫೋನು ಇಟ್ಟ ಮೇಲೆ ಅಳು ಬರತೊಡಗಿತು.

ಎಷ್ಟು ಕಾಲದಿಂದ ಹೀಗೆ? ಯಾವತ್ತಿನಿಂದ ತಾನು ಒಬ್ಬಳೇ ಇದ್ದಳು? ಇಬ್ಬರು ನೋಡಿದ್ದೇವೆ ಅನ್ನುವ ಧೈರ್ಯದ ಮೇಲೆ ಮೀಟರುಗಳಿಗೆ ಸರಿ ಎಂದು ಚೀಟಿ ಅಂಟಿಸಿ ಕಳಿಸಿದ್ದಳು. ಈಗ ಒಂದು ಸ್ಕ್ರೂ ತಿರುಗಿಸಲೂ ಕೈ ಬರಲಿಲ್ಲ. ಬಿಚ್ಚಿದ ಯಂತ್ರಗಳು ಬಿಚ್ಚಿದಂತೆಯೇ ಬಿದ್ದಿದ್ದವು. ಕೇಳಿಬಿಡಬೇಕು ಅಂತ ಪ್ರತಿ ಸಂಜೆ ಫೋನೆತ್ತುತ್ತಿದ್ದಳು. ಕೇಳಿದರೆ ಮೇಷ್ಟ್ರು ಒಪ್ಪಿಕೊಂಡಾರು. ಒಪ್ಪಿಕೊಂಡ ಮೇಲೆ? ಮಾರನೆಯ ಸಂಜೆ ಯಾವ ಮುಖ ಇಟ್ಟುಕೊಂಡು ಫೋನು ಮಾಡಿಯಾರು? ಅಲ್ಲಿಗೆ ಬರೀ ಅಂಕಿ ಹೇಳಿ ಫೋನು ಇಟ್ಟುಬಿಡುತ್ತಿದ್ದಳು.

ಹಾಗಂತ ಎಷ್ಟು ದಿನ ನುಂಗಿಕೊಂಡಾಳು? ಒಂದು ಬೆಳಿಗ್ಗೆ ಎದ್ದವಳೇ ಡಬ್ಬಕ್ಕೆ ಬ್ಯಾಟರಿ ಸಿಕ್ಕಿಸಿ, ತಣ್ಣಗಾಗದಂತೆ ಶಾಲು ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತಿದಳು. ಅವರ ಮೀಟರಿನಲ್ಲೇ ಎರಡು ಡಬ್ಬವನ್ನೂ ಅಳೆದು, ಅಂಕಿಯನ್ನು ಅವರ ಮೂಗಿನ ಕೆಳಗೇ ಹಿಡಿದು ಕೇಳುತ್ತೇನೆ, ಆಗ ಯಾವ ಮೋಡ, ಯಾವ ಗಾಳಿ ಅಂತಾರೋ ನೋಡೇಬಿಡುತ್ತೇನೆ ಅನ್ನುವ ಆವೇಶ.

ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ಶಾಲಿನ ಬಿಸಿ ತಗುಲಿರಬೇಕು. “ಬೆಚ್ಚಗಿದೆಯಲ್ರೀ, ಬೆಕ್ಕಾ?” ಅಂತ ಕೇಳಿದಳು.

“ಅಲ್ಲ, ಹತ್ತು ವೋಲ್ಟು.”

ಆ ಹೆಂಗಸು ಮುಂದಿನ ನಿಲ್ದಾಣದಲ್ಲಿ ಜಾಗ ಖಾಲಿಯಾದದ್ದೇ ತಡ, ಎದ್ದು ಬೇರೆ ಸೀಟಿಗೆ ಹೋಗಿ ಕೂತಳು.

ಮೇಷ್ಟ್ರ ಮನೆ ಒಂದು ಮುದ್ರಣಾಲಯದ ಹಿಂದಿನ ಓಣಿಯಲ್ಲಿ, ನೆಲಮಹಡಿಯಲ್ಲಿ. ಡಬ್ಬ ಮಾಡುವ ಕಾಲದಲ್ಲಿ ಬಿಡಿಭಾಗ ಕಳಿಸಿ ಕಳಿಸಿ ವಿಳಾಸ ಅವಳಿಗೆ ಬಾಯಿಪಾಠ. ಬಾಗಿಲು ತಟ್ಟಿದಳು.

“ಯಾರು?” ಅದೇ ದನಿ.

ಮೀಟರಮ್ಮನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ತಾನು ಯಾರು ಅಂತ ಹೇಳುವುದು? “ಎಂಟು, ನಾಲ್ಕು, ಎರಡು,” ಅಂದಳು.

ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ನಿಧಾನದ ಹೆಜ್ಜೆ. ಕೊನೆಗೆ ಚಿಲಕ ತೆಗೆದು ನಿಂತವರು ತೆಳ್ಳಗೆ, ಉದ್ದಕ್ಕೆ ಇದ್ದ ಒಬ್ಬ ಮುದುಕರು. ಇಸ್ತ್ರಿ ಮಾಡಿದ ಅಂಗಿ, ಅದರ ಗುಂಡಿಗಳು ಒಂದೊಂದು ಮನೆ ತಪ್ಪಿ ಬಿದ್ದಿದ್ದವು.

“ಬಂದುಬಿಟ್ರಾ?” ಅಂದರು.

“ಬರದೆ ಇನ್ನೇನ್ ಮಾಡ್ಲಿ! ಚಳಿಯಂತೆ, ಮೋಡವಂತೆ! ನನ್ನ ಮೀಟರಿನ ಕಡ್ಡಿ ಸತ್ತು ಎಂಟು ಆರಾಗಿತ್ತು. ನಿಮ್ಮದು ಹೇಗೆ ಆರಾಯ್ತು ಮೇಷ್ಟ್ರೇ? ಆಮೇಲೆ ನಾನು ಹೇಳಿದ್ದೆಲ್ಲಾ ಸುಳ್ಳು ಅಂಕಿ. ಅದಕ್ಕೂ ಒಂದು ಸೇರಿಸಿದ್ರಿ. ನಿಮ್ಮ ಮಾತು ನಂಬಿ ಎಷ್ಟು ಜನಕ್ಕೆ ಮೀಟರು ಸರಿಯಿದೆ ಅಂತ ಕಳಿಸಿದ್ದೀನಿ ಗೊತ್ತಾ ನಿಮಗೆ?”

ಮೇಷ್ಟ್ರು ಅವಳ ಹೆಗಲ ಮೇಲಿಂದ ಆಚೆ, ಓಣಿಯ ಕಡೆ ನೋಡುತ್ತಾ ನಿಂತಿದ್ದರು. ಆ ನೋಟ ಕಂಡು ಅವಳಿಗೆ ಇನ್ನಷ್ಟು ರೇಗಿತು.

“ಮುಖ ಕೊಟ್ಟು ಮಾತಾಡಿ ಮೇಷ್ಟ್ರೇ!”

ಅವರು ಸ್ವಲ್ಪ ತಿರುಗಿದರು. ಆಮೇಲೆ ಇನ್ನೂ ಸ್ವಲ್ಪ ತಿರುಗಿದರು.

“ಈ ಕಡೆನಾ?” ಅಂತ ಕೇಳಿದರು.

ಮೀಟರಮ್ಮ ಡಬ್ಬವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಒಳಗೆ ಒಂದೇ ಕೋಣೆ. ಎಲ್ಲ ವಸ್ತುಗಳೂ ಗೋಡೆಗೆ ಒತ್ತಿಕೊಂಡು ಕೂತಿದ್ದವು, ನಡುವೆ ನಡೆಯಲು ದಾರಿ. ಪ್ರತಿ ಸ್ವಿಚ್ಚಿಗೂ ಒಂದೊಂದು ದಾರದ ಗಂಟು. ಕೈಗೆಟಕುವ ಎತ್ತರದವರೆಗೆ ಎಲ್ಲ ಚೊಕ್ಕಟ, ಅದರ ಮೇಲಿನ ಹಲಗೆಗಳಲ್ಲಿ ಬೆರಳು ದಪ್ಪದ ಧೂಳು. ಮೂಲೆಯ ಮೇಜಿನ ಮೇಲೆ ಮೀಟರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು, ಅದರ ಪಕ್ಕ ಅವಳ ಡಬ್ಬದ ಜೋಡಿ. ಮೇಷ್ಟ್ರು ಗೋಡೆಯಲ್ಲಿದ್ದ ಪ್ಲಗ್ಗು ತೋರಿಸಿ, ಡಬ್ಬ ಸಿಕ್ಕಿಸಿಬಿಡಿ, ಬ್ಯಾಟರಿ ಇಳೀತಿರುತ್ತೆ ಅಂದರು. ಸಿಕ್ಕಿಸಿದಳು.

“ಒಂದೇ ದಿನ ಹೋಗಲಿಲ್ಲಮ್ಮಾ. ಮೊದಲು ಕೊನೇ ಅಂಕಿ ಕಲಸಿಕೊಂಡಿತು. ಕನ್ನಡಕ ಬದಲಾಯಿಸಿದೆ. ಆಮೇಲೆ ಮೂರೂ ಕಲಸಿಕೊಂಡ್ವು. ಒಂದಿನ ಸಂಜೆ ಎಷ್ಟು ಕಣ್ಣುಜ್ಜಿದ್ರೂ ಬರೀ ಕೆಂಪು ಮಂಜು. ನೀವು ಎಂಟು ನಾಲ್ಕು ಎರಡು ಅಂದ್ರಿ. ಹೇಳಿಬಿಡಬೇಕು ಅಂತಲೇ ಬಾಯಿ ತೆಗೆದೆ. ಬಾಯಲ್ಲಿ ಎಂಟು ನಾಲ್ಕು ಮೂರು ಅಂತ ಬಂದುಬಿಡ್ತು. ನೀವು ಸರಿ ಹಾಗಾದ್ರೆ ಅಂದ್ರಿ.”

“ಹೇಳಬಹುದಿತ್ತಲ್ಲ!”

“ಕಣ್ಣು ಕಾಣದವನ ಹತ್ರ ಅಂಕಿ ಯಾರು ಕೇಳ್ತಾರಮ್ಮಾ? ನೀವು ಇನ್ನೊಬ್ಬರನ್ನ ಹುಡುಕ್ಕೋತಿದ್ರಿ. ಹುಡುಕ್ಕೋಬೇಕು ಕೂಡ. ನನಗೆ ಆ ಫೋನು ಬಿಟ್ರೆ...” ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದರು. “ಪಕ್ಕದ ಮನೆಯವರು ಊಟ ತಂದಿಟ್ಟು ಹೋಗ್ತಾರೆ. ಒಳ್ಳೇ ಜನ, ಮಾತು ಕಡಿಮೆ.”

ಮೀಟರಮ್ಮ ತಲೆ ತಗ್ಗಿಸಿದಳು. ಈ ಮನುಷ್ಯನ ಡಬ್ಬ ಚಳಿಯಲ್ಲಿ ಹೇಗೆ, ಬಿಸಿಲಲ್ಲಿ ಹೇಗೆ ಎಂದು ಕೂದಲೆಳೆಯವರೆಗೆ ವಿಚಾರಿಸಿದ್ದಳು. ನೀವು ಹೇಗಿದ್ದೀರಿ ಅಂತ ಒಂದು ಸಂಜೆಯಾದರೂ ಕೇಳಿದ್ದಳೇ? ಅವರ ಕಣ್ಣು ಮಂಜಾಗುತ್ತಿದ್ದ ಆ ಎಲ್ಲ ಸಂಜೆಗಳಲ್ಲೂ ಇವಳು ಅಲ್ಲಿ ತನ್ನ ಮನೆಯಲ್ಲಿ ಕುರ್ಚಿ ಎಳೆದುಕೊಂಡು, ಅಂಕಿ ಕೇಳಿಸಿಕೊಂಡು, ಇಡಿ ಅಂದಿದ್ದಳು. ನಾಚಿಕೆ ಅಂದರೆ ನಾಚಿಕೆ. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು.

“ಒಂದು ಮಾತು ಮಾತ್ರ ಸುಳ್ಳಲ್ಲ ನೋಡಿ,” ಅಂದರು ಮೇಷ್ಟ್ರು, ದನಿಯಲ್ಲಿ ಪಾಠ ಹೇಳುವವರ ಗತ್ತು ಬಂತು. “ಡಬ್ಬಾನ ನಾನು ಒಂದು ದಿನವೂ ತಣ್ಣಗಾಗೋಕೆ ಬಿಟ್ಟಿಲ್ಲ. ದಿನಾ ಮುಟ್ಟಿ ನೋಡ್ತೀನಿ. ಮೀಟರನ್ನೂ ಆರಿಸಿಲ್ಲ, ಸದ್ದು ಕೇಳಿಸ್ತಿದೆಯಲ್ಲ? ಇವತ್ತಾದ್ರೂ ನೀವೇ ಓದಿಬಿಡಿ. ಎಷ್ಟಿದೆ?”

ಅವಳು ಎದ್ದು ಮೀಟರಿನ ಮುಂದೆ ಹೋಗಿ ಬಗ್ಗಿದಳು.

ಗಾಜಿನ ಹಿಂದೆ ಕತ್ತಲೆ. ಒಂದು ಅಂಕಿಯಿಲ್ಲ, ಒಂದು ಚುಕ್ಕಿಯಿಲ್ಲ. ಒಳಗಿನ ಫ್ಯಾನು ಮಾತ್ರ ತಿರುಗುತ್ತಾ ಗುಂಯ್‌ಗುಡುತ್ತಿತ್ತು. ಯಾವಾಗಲೋ ಆರಿಹೋಗಿದೆ. ಮೇಷ್ಟ್ರಿಗೆ ಅದು ಗೊತ್ತಾಗುವುದಾದರೂ ಹೇಗೆ? ಅವರು ಮೇಜಿನ ಅಂಚು ಹಿಡಿದು, ಕತ್ತು ಮುಂದೆ ಚಾಚಿ, ಕಾಯುತ್ತಿದ್ದರು. ಪರೀಕ್ಷೆಯ ಫಲಿತಾಂಶಕ್ಕೆ ಮಕ್ಕಳು ಕಾಯುವ ಹಾಗೆ.

“ಎಂಟು, ನಾಲ್ಕು, ಮೂರು,” ಅಂದಳು ಮೀಟರಮ್ಮ.

ಮೇಷ್ಟ್ರ ಮುಖ ಅರಳಿತು. ಅರಳಿದ್ದು ಹಾಗೇ ನಿಂತಿತು. ನಿಧಾನವಾಗಿ ಕೈ ಚಾಚಿ ಮೀಟರಿನ ಗಾಜಿನ ಮೇಲೆ ಅಂಗೈಯಿಟ್ಟರು.

“ಒಂದು ಸೇರಿಸಿದ್ರಿ, ಅಲ್ವಾ?” ಅಂದರು.

ಮೀಟರಮ್ಮ ಗಾಜಿನ ಮೇಲಿದ್ದ ಅವರ ಕೈಯನ್ನೇ ನೋಡಿದಳು.

“ನನಗೆ ಗೊತ್ತಾಗಲ್ವೇನಮ್ಮಾ? ಇಷ್ಟು ಕಾಲ ನಾನೇ ಮಾಡಿದ ಕೆಲಸ. ದೀಪ ಹೋಗಿದೆಯಾ?”

“ಹೋಗಿದೆ ಮೇಷ್ಟ್ರೇ.”

“ಪೂರ್ತಿ?”

“ಪೂರ್ತಿ.”

ಮೇಷ್ಟ್ರು ಕುರ್ಚಿಗಾಗಿ ತಡಕಾಡಿ ಕೂತರು. ಮುಖವನ್ನು ಎರಡೂ ಕೈಯಲ್ಲಿ ಒರೆಸಿಕೊಂಡರು. ಅವರು ಅತ್ತದ್ದು ಹೌದೋ ಅಲ್ಲವೋ ಅವಳು ನೋಡಲಿಲ್ಲ, ಬೇಕೆಂದೇ ಬೇರೆ ಕಡೆ ತಿರುಗಿದಳು. ಕೈ ಸುಮ್ಮನಿರಲಾರದೆ ಸ್ಕ್ರೂಡ್ರೈವರ್ ಹುಡುಕಿ ಮೀಟರಿನ ಮುಚ್ಚಳ ಬಿಚ್ಚತೊಡಗಿದಳು.

“ಟಾರ್ಚ್ ಹಿಡೀರಿ,” ಅಂತ ತನ್ನ ಚೀಲದಲ್ಲಿದ್ದದ್ದನ್ನು ಅವರ ಕೈಗಿಟ್ಟಳು.

“ನಾನಾ?”

“ಮತ್ತೆ ಇನ್ಯಾರಿದ್ದಾರೆ? ಕೈ ನೆಟ್ಟಗಿದೆಯಲ್ಲ. ಸ್ವಲ್ಪ ಎಡಕ್ಕೆ. ಅಷ್ಟೆಡಕ್ಕಲ್ಲ, ನನ್ನ ಮೂಗಿಗೆ ಬಿಡ್ತಿದ್ದೀರಿ.”

ಮೇಷ್ಟ್ರು ಮೂಗಿನಿಂದ ಒಂದು ಸದ್ದು ಹೊರಡಿಸಿದರು. ನಗುವೇ ಇರಬೇಕು. ಟಾರ್ಚನ್ನು ಎರಡು ಕೈಯಲ್ಲಿ ಹಿಡಿದು, ಅವಳು ಹೇಳಿದ ಕಡೆಯೆಲ್ಲ ತಿರುಗಿಸಿದರು. ಅಂಕಿಗಳ ಹಿಂದಿನ ಸರ್ಕ್ಯೂಟ್ ಹಲಗೆ ಕಪ್ಪಾಗಿ ಸುಟ್ಟಿತ್ತು. ಅದನ್ನು ಇಲ್ಲಿ ಕೂತು ಸರಿಮಾಡುವುದು ಆಗದ ಮಾತು, ಹೊತ್ತೊಯ್ಯಬೇಕು, ಭಾಗ ಸಿಗಬೇಕು, ವಾರಗಟ್ಟಲೆ ಹಿಡಿದೀತು. ಅದನ್ನೇ ಹೇಳಿದಳು.

“ಹೊತ್ತೊಯ್ಯಬೇಡಿ,” ಅಂದರು ಮೇಷ್ಟ್ರು, ತಟ್ಟನೆ. ಆಮೇಲೆ ಮೆಲ್ಲಗೆ, “ಸದ್ದು ಇರಲಿ. ಆ ಸದ್ದೂ ಇಲ್ದಿದ್ರೆ ಕೋಣೆ ಎಲ್ಲಿದೆ ಅಂತಲೇ ಗೊತ್ತಾಗಲ್ಲ ನನಗೆ.”

ಮೀಟರಮ್ಮ ಮುಚ್ಚಳ ಮತ್ತೆ ಮುಚ್ಚಿ ಸ್ಕ್ರೂ ಬಿಗಿದಳು. ಬಿಚ್ಚಿದ ಯಂತ್ರವನ್ನು ರಿಪೇರಿ ಮಾಡದೆ ಮುಚ್ಚಿದ್ದು ಅವಳ ಕೈಗೆ ಒಗ್ಗಲಿಲ್ಲ. ಎರಡು ಡಬ್ಬಗಳಲ್ಲಿ ಯಾವುದು ನಿಜ, ಯಾವುದು ಜಾರಿದೆ, ಎರಡೂ ಜಾರಿವೆಯೋ ಏನೋ, ಅದನ್ನು ಹೇಳಲು ಆ ಕೋಣೆಯಲ್ಲಿ ಯಾವ ಅಂಕಿಯೂ ಇರಲಿಲ್ಲ. ಹೊರಡುವಾಗ ಮೇಷ್ಟ್ರ ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾದ ಮನೆಗಳಿಗೆ ಹಾಕಿದಳು. ಅವರು ಮಗುವಿನ ಹಾಗೆ ಗಲ್ಲ ಎತ್ತಿ ನಿಂತರು. ಬರುತ್ತೇನೆ ಅಂತ ಅವಳು ಹೇಳಿದಳು, ಹೂಂ ಅಂದರು. ಮತ್ತೆ ಯಾವಾಗ ಅಂತ ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಮಾರನೆಯ ಸಂಜೆ ಮೀಟರಮ್ಮ ಎಂದಿನಂತೆ ಕುರ್ಚಿ ಎಳೆದು ಕೂತಳು. ಫೋನು ಬರಲಿಲ್ಲ. ಕೆಳಗೆ ದರ್ಜಿ ಅಂಗಡಿಯ ಬಾಗಿಲು ಎಳೆದುಕೊಂಡು ಹೋದ. ಬೀದಿಯ ದೀಪ ಹೊತ್ತಿತು. ಆಗಲೂ ಬರಲಿಲ್ಲ. ಮುಖ ತೋರಿಸಲಾಗದೆ ಕೂತಿದ್ದಾರೆ ಅಂತ ಅವಳಿಗೆ ಗೊತ್ತು. ತಾನು ಹೋಗಿ ಬಾಗಿಲಲ್ಲಿ ನಿಂತು ಅಷ್ಟು ಕೂಗಾಡಬಾರದಿತ್ತು. ಕೂಗಾಡಿ, ಇದ್ದದ್ದೊಂದನ್ನು ತನ್ನ ಕೈಯಾರೆ ಹಾಳುಮಾಡಿಕೊಂಡಳು. ಸಂಕಟ ತಡೆಯಲಾರದೆ ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಆಮೇಲೆ ಫೋನು ಕೈಗೆತ್ತಿಕೊಂಡಳು. ಮೊದಲು ಡಬ್ಬ ಕೇಳಲು ಮಾಡಿದ್ದು ಬಿಟ್ಟರೆ, ಇಷ್ಟು ವರ್ಷದಲ್ಲಿ ಅವಳಾಗಿಯೇ ಆ ನಂಬರಿಗೆ ಮಾಡಿದವಳಲ್ಲ.

ಮೊದಲ ಸದ್ದಿಗೇ ಆ ಕಡೆ ಎತ್ತಿದರು. ಕೈಯಲ್ಲೇ ಹಿಡಿದು ಕೂತಿದ್ದಿರಬೇಕು.

“ನಾನು ಮೇಷ್ಟ್ರೇ.”

“ಗೊತ್ತಾಯ್ತಮ್ಮಾ.”

ಮೀಟರು ಅವಳ ಬೆನ್ನ ಹಿಂದೆ ಇತ್ತು. ಅವಳು ಅತ್ತ ತಿರುಗಲಿಲ್ಲ.

“ಏನ್ ಮಾಡ್ತಿದ್ರಿ?” ಅಂತ ಕೇಳಿದಳು.

ಆ ಕಡೆ ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು.

“ಸುಮ್ನೆ ಕೂತಿದ್ದೆ,” ಅಂದರು.

“ನಾನೂ ಅಷ್ಟೇ,” ಅಂದಳು ಮೀಟರಮ್ಮ.